ಶೇರಾನೋ ಬಿಜಲಿಯೋ

ಭಾನುವಾರ ಬೆಳಿಗ್ಗೆ ಓಮ್ನಿ ನಮ್ಮ ಅಂಗಳಕ್ಕೆ ಬಂದು ನಿಂತಾಗ ಮೊದಲು ಇಳಿದದ್ದು ನಾಯಿಗಳಲ್ಲ, ಖುರ್ಷೀದ್ ಬೀ. ಶಿಕಾರಿಪುರದಲ್ಲಿ ಅವರದು ಗಾದಿ ಅಂಗಡಿ. ನಮ್ಮ ಮನೆಯ ಗಾದಿಗಳಿಗೆ ಹತ್ತಿ ತುಂಬಿದವರೆಲ್ಲ ಅವರ ಕಡೆಯವರೇ. ಅಂಗಡಿಯ ಹಿಂದಿನ ಖಾಲಿ ಜಾಗ ಬಿಡಬೇಕಾಗಿ ಬಂದು, ಮಗ ತನ್ವೀರ್ ಸಾಕಿದ್ದ ಎರಡು ನಾಯಿಗಳಲ್ಲಿ ಒಂದಕ್ಕೆ ಬೇರೆ ಮನೆ ನೋಡುತ್ತಿದ್ದರು. ಯಾವುದನ್ನು ಕೊಡುವುದೆಂದು ತಾಯಿಗೂ ತೋಚದೆ ಮಗನಿಗೂ ತೋಚದೆ, ಎರಡನ್ನೂ ತರುತ್ತೇವೆ, ನೀವೇ ಆರಿಸಿಕೊಳ್ಳಿ ಎಂದಿದ್ದರು.

"ಜಗದಾಂಬಕ್ಕ ಎಲ್ಲಿ?" ಎಂದರು ಸೆರಗು ಸರಿಮಾಡಿಕೊಳ್ಳುತ್ತ. "ನಾಯಿ ಮೈ ಮುಟ್ಟೋಕೆ ಹೆದರೋ ಮನೀಗೆ ನಾನು ನಾಯಿ ಕೊಡಲ್ಲ, ನಾಗರಾಜಣ್ಣ. ಫೋನಲ್ಲೇ ಹೇಳೀನಿ. ಅಕ್ಕ ಮುಟ್ಲಿ, ನಾನು ನೋಡ್ತೀನಿ, ಆಮ್ಯಾಲೆ ಮಾತು."

ಅವರು ಹೀಗೆ ಹೇಳಿದ್ದಕ್ಕೆ ಕಾರಣವಿತ್ತು. ನಮ್ಮದು ಕ್ಯಾಸನೂರು. ಮನೆಯ ಹಿಂದೆ ಗದ್ದೆ, ಗದ್ದೆ ದಾಟಿದರೆ ಕಾಡು. ಮೂರು ವರ್ಷದ ಹಿಂದೆ ನನ್ನ ಹೆಂಡತಿ ಜಗದಾಂಬೆಗೆ ಮಂಗನ ಕಾಯಿಲೆ ಬಂದು, ಇಪ್ಪತ್ತು ದಿನ ಆಸ್ಪತ್ರೆಯಲ್ಲಿದ್ದು ಶಿವನ ದಯೆಯಿಂದ ಮನೆಗೆ ಬಂದಳು. ಬಂದವಳು ಹಿತ್ತಿಲ ಬಾಗಿಲನ್ನೇ ಮುಚ್ಚಿಬಿಟ್ಟಳು. ಕಾಡಿನ ಕಡೆಯಿಂದ ಬಂದ ದನ, ಕರು, ಸೌದೆ ಯಾವುದನ್ನೂ ಮುಟ್ಟುತ್ತಿರಲಿಲ್ಲ. ಎಲ್ಲದರ ಮೇಲೂ ಅವಳಿಗೆ ಉಣುಗು ಹರಿದಂತೆ ಕಾಣುತ್ತಿತ್ತು. ಕಾಯಿಲೆ ತರುವುದು ಅದೇ ಹುಳವಲ್ಲವೆ, ಎಳ್ಳುಕಾಳಿನಷ್ಟು ಇರುತ್ತದೆ.

ಹೋದ ತಿಂಗಳು ಅವಳೇ ಒಂದು ದಿನ ಹೇಳಿದಳು. "ಹಿಂಗೇ ಇದ್ರೆ ನಾನು ಬದುಕಿ ಬಂದಿದ್ದು ಎಂತಕ್ಕೆ? ದೊಡ್ಡ ನಾಯಿ ಒಂದು ತಂದುಬಿಡಿ. ದಿನಾ ಅದರ ಮೈ ನೋಡ್ಬೇಕು ಅಂತಾದ್ರೆ ದಿನಾ ಮುಟ್ಲೇಬೇಕಲ್ಲ. ಹೆದರಿಕೆ ಹೋಗೋದಾದ್ರೆ ಹಂಗೇ ಹೋಗ್ಲಿ."

ಅವಳ ತವರು ಈಸೂರು. ನಾಯಿಗಳ ನಡುವೆಯೇ ಬೆಳೆದವಳು. ಆ ಮಾತು ಕೇಳಿದ ಮೇಲೆ ನಾನು ಸುಮ್ಮನಿರುವ ಹಾಗಿರಲಿಲ್ಲ.

ತನ್ವೀರ್ ಓಮ್ನಿಯ ಬಾಗಿಲು ಎಳೆದ. ಮೊದಲು ಶೇರಾ ಇಳಿದ. ಜರ್ಮನ್ ಶೆಫರ್ಡ್, ಒಂದೂವರೆ ವರ್ಷ. ಬೆನ್ನ ಮೇಲೆ ಕಪ್ಪು, ಕಾಲಲ್ಲಿ ಬೆಲ್ಲದ ಬಣ್ಣ, ಮೈತುಂಬ ದಟ್ಟ ಕೂದಲು. ಅಂಗಳವನ್ನೊಮ್ಮೆ ಸುತ್ತಿ, ಎಲ್ಲರನ್ನೂ ಮೂಸಿ, ತನ್ವೀರನ ಎಡಗಾಲ ಪಕ್ಕ ಬಂದು ಕುಳಿತ. ತಾಳದ ವಿಷಯದಲ್ಲಿ ನಾನು ಹಾಡಿದವನಲ್ಲ, ಕೇಳಿದವನು. ನನ್ನ ಅವ್ವ ಬಸವಣ್ಣೆಮ್ಮ ದಿನಾ ದೀಪ ಹಚ್ಚುವ ಹೊತ್ತಿಗೆ ವಚನ ಹೇಳುವುದನ್ನು ಐವತ್ತು ವರ್ಷ ಕೇಳಿದ ಕಿವಿ ಇದು. ಆ ನಾಯಿಯ ನಡಿಗೆಯಲ್ಲಿ ಒಂದು ಹೆಜ್ಜೆಯೂ ತಾಳ ತಪ್ಪಲಿಲ್ಲ.

ಆಮೇಲೆ ಬಿಜಲಿ. ಮುಧೋಳದ ಹೆಣ್ಣು ನಾಯಿ. ಉದ್ದ ಕಾಲು, ಒಳಸರಿದ ಹೊಟ್ಟೆ, ಮೈಗಂಟಿದ ಗಿಡ್ಡ ಕೂದಲು, ಹೊಸ ಮಡಕೆಯಂಥ ಬಣ್ಣ. ಅವಳು ಇಳಿಯಲಿಲ್ಲ, ನೆಗೆದಳು. ನೆಗೆದವಳು ನಮ್ಮ ಯಾರ ಕಡೆಗೂ ನೋಡದೆ ದೂರದ ಗದ್ದೆಬಯಲು ನೋಡುತ್ತ ನಿಂತಳು. ಆ ನಿಲುವು ನೋಡಿ ನನ್ನ ಬಾಯಿಂದ ತಾನಾಗಿ "ಶಿವಾ" ಎಂದು ಬಂತು.

ಜಗುಲಿಯ ಮೇಲಿದ್ದ ಅವ್ವ ಕೇಳಿದಳು, "ಏನಮ್ಮ ಖುರ್ಷೀದಾ, ಇವು ಏನು ತಿಂತಾವೆ? ನಮ್ಮನೇಲಿ ಮೊಟ್ಟೆ ಹೆಸರೂ ಎತ್ತಂಗಿಲ್ಲ ನೋಡು."

"ಬಿಜಲಿ ನಿಮ್ಮ ಜಾತೀನೇ ಅಮ್ಮಾ. ರೊಟ್ಟಿ ಹಾಲು ಕೊಟ್ರೆ ಸಾಕು ಅಂತಾಳೆ. ಶೇರಾ ಮಾತ್ರ ನಮ್ಮೋನು." ಖುರ್ಷೀದ್ ಬೀ ನಕ್ಕರು. "ಆದ್ರೂ ಒಳ್ಳೇ ಹುಡುಗ. ಅವನಿಗೆ ಅಂಗಡೀಲಿ ಸಿಗೋ ನಾಯಿತಿಂಡಿ ಕಾಳಿನ ಚೀಲ ತಂದಿಟ್ರೆ ಆತು, ನಿಮ್ಮ ಒಲೆ ಕೆಡಲ್ಲ."

ಎರಡನ್ನೂ ಗದ್ದೆಯ ಬದುವಿನ ಮೇಲೆ ಕರೆದುಕೊಂಡು ಹೋಗುವುದು, ಬಂದ ಮೇಲೆ ಜಗದಾಂಬೆ ಮೈ ನೋಡುವುದು ಎಂದು ತೀರ್ಮಾನವಾಯಿತು. ಭತ್ತ ಕೊಯ್ದು ಗದ್ದೆ ಬೋಳಾಗಿತ್ತು. ಶೇರಾ ಹಗ್ಗವಿಲ್ಲದೆ ತನ್ವೀರನ ಜೊತೆ ಓಡಿದ, ಕರೆದಲ್ಲಿ ನಿಂತ, ಕೈ ಎತ್ತಿದಲ್ಲಿ ಮಲಗಿದ. ಬಿಜಲಿಯ ಹಗ್ಗ ನನ್ನ ಕೈಯಲ್ಲಿತ್ತು. ಒಂದು ಮೊಲ ಎದ್ದದ್ದು ನನಗೆ ಕಾಣಲೇ ಇಲ್ಲ. ಅಂಗೈ ಉರಿಯಿತು, ಹಗ್ಗ ಹೋಗಿತ್ತು. ಅವಳು ಓಡಿದ್ದನ್ನು ಹೇಗೆ ಹೇಳಲಿ? ನೆಲ ಅವಳನ್ನು ಮುಟ್ಟಿ ಮುಟ್ಟಿ ಮೇಲೆ ಎಸೆಯುತ್ತಿತ್ತು. ಎರಡು ಗದ್ದೆ, ಮೂರು ಗದ್ದೆ, ಕಾಡಂಚಿನ ಪೊದೆ, ಅಷ್ಟೆ. ತಪ್ಪು ನನ್ನದು. ಆದರೂ ಕಣ್ಣು ಧನ್ಯವಾಗಿತ್ತು ಎಂದರೆ ಸುಳ್ಳಲ್ಲ.

"ಬರ್ತಾಳೆ ಬಿಡಿ ಅಣ್ಣ," ಎಂದ ತನ್ವೀರ್. "ಮೊಲ ಅಂತೂ ಸಿಗಲ್ಲ. ಅವಮಾನ ಆದ್ಮೇಲೆ ಬರ್ತಾಳೆ."

ಅರ್ಧ ಗಂಟೆಗೆ ಬಂದಳು, ಏನೂ ಆಗಿಲ್ಲವೆಂಬಂತೆ.

ಅಂಗಳದಲ್ಲಿ ಜಗದಾಂಬೆ ಸಿದ್ಧಳಾಗಿದ್ದಳು. ಊರಿನ ಆಶಾ ಕಾರ್ಯಕರ್ತೆ ಚೈತ್ರಶ್ರೀ ಹೇಳಿಕೊಟ್ಟಂತೆ ಕೈಗೆ ಗವಸು, ತುಂಬುತೋಳಿನ ರವಿಕೆ, ಚಿಮುಟ, ಬಟ್ಟಲಲ್ಲಿ ಸೀಮೆಎಣ್ಣೆ. ಮೊದಲು ಶೇರಾನನ್ನು ಕರೆದಳು. ಅವಳ ಕೈ ಅವನ ಕುತ್ತಿಗೆಯ ಮೇಲೆ ಒಂದು ಗೇಣು ಎತ್ತರದಲ್ಲಿ ನಿಂತೇ ಇತ್ತು. ಖುರ್ಷೀದ್ ಬೀ ಅವಳ ಕೈಯನ್ನೇ ನೋಡುತ್ತಿದ್ದರು. ಕೊನೆಗೆ ಶೇರಾನೇ ತಲೆ ಎತ್ತಿ ಆ ಕೈಗೆ ಒತ್ತಿದ. ಅಲ್ಲಿಂದ ಶುರುವಾದದ್ದು ಒಂದು ಗಂಟೆ ನಡೆಯಿತು. ಕೂದಲು ಬಿಡಿಸುವುದು, ಒಳಗೆ ಮತ್ತೊಂದು ಪದರ ಕೂದಲು, ಅದನ್ನು ಬಿಡಿಸುವುದು. ಶೇರಾ ಋಷಿಯಂತೆ ಮಲಗಿದ್ದ. ಒಂದೂ ಉಣುಗು ಸಿಗಲಿಲ್ಲ.

ನನಗೆ ಎಷ್ಟು ಸಂತೋಷವಾಯಿತೆಂದರೆ ಒಳಗೆ ಹೋಗಿ ತಟ್ಟೆಯಲ್ಲಿ ಎಲೆ ಅಡಿಕೆ ತಂದು ಖುರ್ಷೀದ್ ಬೀ ಮುಂದೆ ಹಿಡಿದುಬಿಟ್ಟೆ. ನಮ್ಮಲ್ಲಿ ಎಲೆ ಅಡಿಕೆ ಕೊಟ್ಟರೆ ಮಾತು ಕೊಟ್ಟ ಹಾಗೆ. "ಶೇರಾನೇ ಇರ್ಲಿ ಖುರ್ಷೀದಕ್ಕ," ಎಂದೆ. ಅವರು ನಿಧಾನವಾಗಿ ಸುಣ್ಣ ಸವರಿ, ಮಡಚಿ, ಬಾಯಿಗೆ ಹಾಕಿಕೊಂಡರು.

ಜಗದಾಂಬೆ ಶೇರಾನ ಮೈಯನ್ನು ಮತ್ತೆ ಮೊದಲಿಂದ ನೋಡತೊಡಗಿದಳು.

"ನೋಡಿ ಆತಲ್ಲೇ," ಎಂದೆ.

"ಇಲ್ಲ ಅಂತ ಹೆಂಗೆ ಹೇಳೋದ್ರೀ?" ಅವಳು ಒಳಪದರದ ಕೂದಲು ಬಿಡಿಸುತ್ತಲೇ ಇದ್ದಳು. "ಇದ್ರೂ ಇರ್ಬಹುದಲ್ಲ ಒಳಗೆ."

ಎರಡನೆಯ ಸಲವೂ ಸಿಗಲಿಲ್ಲ. ಎದ್ದು ಕೈ ತೊಳೆದಳು, ಮತ್ತೆ ತೊಳೆದಳು. ಇವತ್ತಿಗೆ ಸಾಕು, ನಾಯಿಯೇ ಬೇಡ ಎನ್ನುತ್ತಾಳೆ ಎಂದುಕೊಂಡೆ. ಅವಳು ಹೊಸ ಗವಸು ಹಾಕಿಕೊಂಡು, "ಅವಳನ್ನೂ ಕರೀರಿ," ಎಂದಳು.

"ಎಂತಕ್ಕೆ? ಅದು ಕಾಡೊಳಗೆ ಹೋಗಿ ಬಂದೈತೆ..."

"ಅದಕ್ಕೇ ಕರೀರಿ."

ಬಿಜಲಿ ಬಂದು ನಿಂತಳು, ಮುಖ ಆ ಕಡೆ ತಿರುಗಿಸಿಕೊಂಡು. ತನ್ವೀರ್ ಅವಳ ಕೊರಳ ಪಟ್ಟಿ ಹಿಡಿದ. ಬಿಸಿಲಿಗೆ ಅವಳ ಮೈ ತಾಮ್ರದ ಹಾಗೆ ಹೊಳೆಯುತ್ತಿತ್ತು, ಚರ್ಮದ ಕೆಳಗೆ ಒಂದೊಂದು ನರವೂ ಕಾಣುತ್ತಿತ್ತು. ಕಿವಿಯ ಒಳಗೆ ಮೂರು ಉಣುಗು. ಮುಂಗಾಲ ಬೆರಳ ಸಂದಿಯಲ್ಲಿ ಎರಡು. ಕಂಕುಳಲ್ಲಿ ಒಂದು. ಬಾಲದ ಬುಡದಲ್ಲಿ ಇನ್ನೊಂದು. ನಾನು ಒಂದು ಹೆಜ್ಜೆ ಹಿಂದೆ ಸರಿದೆ. ಜಗದಾಂಬೆ ಮಾತ್ರ ಚಿಮುಟದಲ್ಲಿ ಒಂದೊಂದನ್ನೇ ಬುಡಕ್ಕೆ ಹಿಡಿದು ನೆಟ್ಟಗೆ ಎಳೆದು ಸೀಮೆಎಣ್ಣೆಗೆ ಹಾಕಿದಳು. ಬೆಳಗಿನ ಪೂಜೆಯಲ್ಲಿ ಅಂಗೈಯ ಇಷ್ಟಲಿಂಗದ ಮೇಲೆ ನಿಲ್ಲುವ ಅವಳ ಕಣ್ಣು, ಆಚೀಚೆ ಸರಿಯದ ಆ ಕಣ್ಣು, ಈಗ ಒಂದು ನಾಯಿಯ ಕಿವಿಯ ಮೇಲೆ ನಿಂತಿತ್ತು. ಹತ್ತು ನಿಮಿಷಕ್ಕೆ ಮುಗಿಯಿತು.

"ಏಳು," ಎಂದಳು. "ಎಂಟನೇದು ಇಲ್ಲ. ಇದ್ರೆ ಕಾಣ್ತಿತ್ತು. ಇವಳೇ ಇರ್ಲಿ."

"ಇವಳಾ?" ಎಂದೆ. "ಏಳು ಸಿಕ್ಕಿದ ನಾಯಿ ಬೇಕು, ಒಂದೂ ಸಿಗದ ನಾಯಿ ಬೇಡ್ವಾ?"

"ಕಾಣೋದಕ್ಕೆ ನಾನು ಹೆದರಲ್ಲ ಕಣ್ರೀ. ಈಗಷ್ಟೇ ಗೊತ್ತಾತು. ಅವನ ಮೈ ನೋಡಿ ಮುಗೀತು ಅಂತ ನಂಗೆ ಯಾವತ್ತೂ ಅನ್ಸಲ್ಲ, ರಾತ್ರಿ ಎದ್ದು ಮತ್ತೆ ನೋಡ್ತೀನಿ. ಒಳ್ಳೇ ಪ್ರಾಣಿ ಅದು, ನನ್ನ ಹೆದರಿಕೆಗೆ ಅದನ್ನ ಯಾಕೆ ಗೋಳು ಹುಯ್ಕಬೇಕು?"

"ನಿಮ್ಮ ಯಜಮಾನ್ರು ಕೊಟ್ಟ ಎಲೆ ಅಡಿಕೆ ಅಗಿದು ಆತಲ್ಲ ಅಕ್ಕ," ಎಂದರು ಖುರ್ಷೀದ್ ಬೀ, ಕೆಂಪಾದ ತುಟಿಯಲ್ಲಿ. "ಮಾತು ಅಂದ್ರೆ ಮಾತು."

ಜಗದಾಂಬೆ ಒಳಗೆ ಹೋಗಿ ತಾನೇ ಇನ್ನೊಂದು ತಟ್ಟೆ ತಂದಳು. "ಅದು ಅವರ ಮಾತು. ಅವರಿಗೆ ನಾಯಿ ಬೇಕಿದ್ರೆ ಅವರು ನಿಮ್ಮೂರಿಗೆ ಬಂದು ಶೇರಾನ ಜೊತೆ ಇರ್ಲಿ. ಇದು ನನ್ನ ಮಾತು."

ಅವ್ವ ಜಗುಲಿಯ ಮೇಲೆ ಕುಲುಕುಲು ನಕ್ಕಳು. ತನ್ವೀರ್ ಮುಖ ತಿರುಗಿಸಿ ಕೆಮ್ಮಿದ. ಖುರ್ಷೀದ್ ಬೀ ಎರಡನೆಯ ಎಲೆಯನ್ನೂ ತೆಗೆದುಕೊಂಡರು. ಆದರೆ ಬಾಯಿಗೆ ಹಾಕುವ ಮೊದಲು ಶರತ್ತು ಹೇಳಿದರು. ಕಾಡಿನ ಕಡೆ ಹಗ್ಗ ಬಿಚ್ಚಕೂಡದು. ಉಣುಗು ಹತ್ತದಂತೆ ಕುತ್ತಿಗೆಗೆ ದನದ ಡಾಕ್ಟರು ಹೇಳಿದ ಔಷಧಿ ತಪ್ಪಕೂಡದು. ಆದರೆ ದಿನಕ್ಕೆ ಎರಡು ಸಲ ಓಡಲೇಬೇಕು, ಓಡದಿದ್ದರೆ ಬಿಜಲಿ ಸತ್ತಂತೆಯೇ.

"ಇಷ್ಟು ಜೋರಿನ ನಾಯೀನ ಯಾರು ಓಡ್ಸೋರು? ನಾಗರಾಜಣ್ಣನ ಕೈ ನೋಡಿದ್ವಲ್ಲ," ಎಂದರು.

"ಶಾಲೆ ಮೈದಾನಕ್ಕೆ ಕಾಂಪೌಂಡ್ ಐತೆ, ಗೇಟೂ ಐತೆ," ಎಂದಳು ಜಗದಾಂಬೆ. "ಮಕ್ಕಳು ಬರೋಕೆ ಮುಂಚೆ ಒಂದ್ಸಲ, ಹೋದ್ಮೇಲೆ ಒಂದ್ಸಲ. ನಾನು ಹೋಗ್ತೀನಿ."

ಮೂರು ವರ್ಷದಿಂದ ಅಂಗಳ ದಾಟಲು ಹತ್ತು ಸಲ ಯೋಚಿಸುತ್ತಿದ್ದವಳು ಇದನ್ನು ಅಷ್ಟು ಸಾದಾ ದನಿಯಲ್ಲಿ ಹೇಳಿದಳು. ಖುರ್ಷೀದ್ ಬೀ ನನ್ನನ್ನೊಮ್ಮೆ ನೋಡಿ, ಎಲೆಯನ್ನು ಬಾಯಿಗೆ ಹಾಕಿಕೊಂಡರು.

ಶೇರಾ ಓಮ್ನಿ ಹತ್ತಿ ಕಿಟಕಿಯಲ್ಲಿ ಮುಖ ಇಟ್ಟ. ಅವನ ಬಳಿ ಹೋಗಿ ತಲೆ ಸವರಿದೆ. ಸೋತವನ ಮುಖವಲ್ಲ ಅದು, ಬಂದ ಕೆಲಸ ಮುಗಿಸಿ ಹೊರಟವನ ಮುಖ. ಗಾಡಿ ತಿರುವು ದಾಟುವವರೆಗೆ ಬಿಜಲಿ ಕಿವಿ ನಿಮಿರಿಸಿ ನಿಂತಿದ್ದಳು. ಆಮೇಲೆ ಹಗ್ಗ ಜಗ್ಗಿದಳು. ಜಗದಾಂಬೆ ಅದನ್ನು ಕೈಗೆ ಎರಡು ಸುತ್ತು ಸುತ್ತಿಕೊಂಡು, ಚಪ್ಪಲಿ ಬಿಟ್ಟು, ಮಗಳು ಬಿಟ್ಟುಹೋದ ಹಳೇ ಕ್ಯಾನ್ವಾಸ್ ಬೂಟು ಎಲ್ಲಿಟ್ಟಿದ್ದೀರಿ ಎಂದು ನನ್ನನ್ನು ಕೇಳಿದಳು.