ಒಂಟೆ ಮಿಂದರೆ ಹುಲಿ ಬಂತು

ಪ್ರಯೋಗಾಲಯದಲ್ಲಿ ಎಲ್ಲರೂ ಅವಳನ್ನು ತಿದ್ದಮ್ಮ ಎಂದೇ ಕರೆಯುತ್ತಿದ್ದರು. ಗಾಳಿಯಲ್ಲಿ ಹೋಗುವ ಸಂದೇಶ ದಾರಿಯಲ್ಲಿ ಕೆಟ್ಟರೆ, ತಲುಪಿದ ಕಡೆಯಲ್ಲೇ ಅದನ್ನು ತಿದ್ದಿಕೊಳ್ಳುವಂಥ ಸಂಕೇತಗಳನ್ನು ಹೆಣೆಯುವುದು ಅವಳ ಕಸುಬು. ಕಸುಬು ಸ್ವಭಾವಕ್ಕೆ ಇಳಿದಿತ್ತೋ, ಸ್ವಭಾವವೇ ಕಸುಬಾಗಿತ್ತೋ, ಎದುರಿನವರ ಬಾಯಿಂದ ಅರ್ಧ ಮಾತು ಹೊರಡುವಷ್ಟರಲ್ಲಿ ಉಳಿದರ್ಧವನ್ನು ಅವಳೇ ಮುಗಿಸಿಬಿಡುತ್ತಿದ್ದಳು. ಮುಗಿಸಿದ್ದು ಸರಿಯಿರುತ್ತಿತ್ತು ಎಂದೇನಲ್ಲ. ಒಂದು ಬೆಳಿಗ್ಗೆ ಗಂಡ ಅಡುಗೆಮನೆಯಿಂದ "ಹಾಲು!" ಎಂದು ಕೂಗಿದ. ಮಿಕ್ಸಿಯ ಗದ್ದಲದಲ್ಲಿ ಅವಳಿಗೆ ಕೇಳಿಸಿದ್ದು "ಹಾ" ಮಾತ್ರ. "ಅಯ್ಯೋ, ಹಾವಾ!" ಎಂದು ಚೀರಿ ಊಟದ ಮೇಜು ಹತ್ತಿದಳು. ಅವಳ ಚೀರಾಟಕ್ಕೆ ಬೆದರಿ ಗಂಡನೂ ಓಡಿಬಂದು ಪಕ್ಕದಲ್ಲೇ ಹತ್ತಿದ. ಇತ್ತ ಹಾಲು ಉಕ್ಕಿ ಒಲೆಯೇ ಆರಿಹೋಯಿತು.

"ಏನಂದ್ರಿ ಅಂತ ಒಂದು ಮಾತು ಕೇಳಿದ್ರೆ ನಿನ್ನ ಗಂಟೇನು ಹೋಗ್ತಿತ್ತು?" ಎಂದ ಗಂಡ, ಮೇಜಿನ ಮೇಲಿಂದಲೇ.

ಆ ದಿನಗಳಲ್ಲೇ ಅವಳಿಗೆ ಮೃಗಾಲಯದ ಕೆಲಸ ಸಿಕ್ಕಿದ್ದು. ಅಲ್ಲಿನ ಕಬ್ಬಿಣದ ಬೋನುಗಳ ನಡುವೆ ಕಾವಲುಗಾರರ ವೈರ್‌ಲೆಸ್ ಸೆಟ್ಟುಗಳು ಬರೀ ಗೊರಗೊರ ಎನ್ನುತ್ತಿದ್ದವು. "ಕಡ್ಲೆಕಾಯಿ ಹುರಿದ ಹಾಗೆ ಸದ್ದು ಬರುತ್ತಮ್ಮ, ಮಾತೊಂದು ಬಿಟ್ಟು," ಎಂದು ಗೋಳಾಡಿದರು ನಿರ್ದೇಶಕರು. ಗಜಗಾತ್ರದ ಮನುಷ್ಯ, ಗುಬ್ಬಚ್ಚಿಯ ಎದೆ.

ತಿದ್ದಮ್ಮ ಸೊಂಟಕ್ಕೆ ಸಿಕ್ಕಿಸಿಕೊಳ್ಳುವ ಪುಟ್ಟ ಪೆಟ್ಟಿಗೆಗಳನ್ನು ಮಾಡಿಕೊಟ್ಟಳು. ಬೇಕಾದ ಗುಂಡಿ ಒತ್ತಿದರೆ ಉಳಿದವರ ಪೆಟ್ಟಿಗೆಯ ಪರದೆಯಲ್ಲಿ ಸಂದೇಶ ಮೂಡಬೇಕು. ಪ್ರತಿ ಸಂದೇಶಕ್ಕೂ ಸೊನ್ನೆ, ಒಂದು ಎಂಬ ಅಂಕಿಗಳದೇ ಒಂದು ಸಾಲು. ದಾರಿಯಲ್ಲಿ ಕೆಲವು ಅಂಕಿಗಳು ಮಗುಚಿಬಿದ್ದರೂ, ತನಗೆ ಗೊತ್ತಿರುವ ಸಾಲುಗಳಲ್ಲಿ ಬಂದದ್ದಕ್ಕೆ ಅತಿ ಹತ್ತಿರದ್ದನ್ನು ಪೆಟ್ಟಿಗೆ ಆರಿಸಿಕೊಳ್ಳುತ್ತಿತ್ತು. ಬ್ಯಾಟರಿ ಉಳಿಯಲಿ ಎಂದು ಅವಳು ಸಾಲುಗಳನ್ನು ಮೊಟಕಾಗಿ ಇಟ್ಟಿದ್ದಳು.

"ನನ್ನ ಪೆಟ್ಟಿಗೆ ಯಾರನ್ನೂ ಏನಂದ್ರಿ ಅಂತ ಕೇಳೋದೇ ಇಲ್ಲ ಸಾರ್," ಎಂದು ಜಂಬದಿಂದ ಹೇಳಿದಳು.

ಪರೀಕ್ಷೆಯ ದಿನ ಅವಳೂ ನಿರ್ದೇಶಕರೂ ಕಾರಂಜಿಯ ಬಳಿ ನಿಂತಿದ್ದರು. ಒಂಟೆ ನೋಡಿಕೊಳ್ಳುವವನು ತನ್ನ ಪಾಡಿಗೆ ತಾನು "ಒಂಟೆಗೆ ಸ್ನಾನ ಆಯಿತು" ಎಂಬ ಗುಂಡಿ ಒತ್ತಿದ. ಎಲ್ಲರ ಪರದೆಯ ಮೇಲೂ ಅಚ್ಚುಕಟ್ಟಾಗಿ ಮೂಡಿತು: "ಹುಲಿ ತಪ್ಪಿಸಿಕೊಂಡಿದೆ."

ನಿರ್ದೇಶಕರು ಕಾಲಿಗೆ ಬುದ್ಧಿ ಹೇಳಿದರು. ಟಿಕೆಟ್ ಕೊಡುವಾಕೆ ಕಿಟಕಿ ಮುಚ್ಚಿ ಒಳಗೆ ಉಸಿರು ಬಿಗಿಹಿಡಿದಳು. ಆನೆಯ ಮಾವುತ ಆನೆಯ ಹೊಟ್ಟೆಯ ಕೆಳಗೆ ನುಸುಳಿದ. ಹೆದರಿಕೆ ಅಂಟುರೋಗ, ತಿದ್ದಮ್ಮನೂ ಎದ್ದೆನೋ ಬಿದ್ದೆನೋ ಎಂದು ನಿರ್ದೇಶಕರ ಹಿಂದೆಯೇ ಓಡಿದಳು. ಬಣ್ಣ ಹೊಡೆಯಲೆಂದು ಖಾಲಿ ಮಾಡಿದ್ದ ಕರಡಿಯ ಬೋನು ಕಂಡಿತು. ಇಬ್ಬರೂ ಒಳನುಗ್ಗಿ ಬಾಗಿಲೆಳೆದುಕೊಂಡರು. ಬಾಗಿಲು ತಂತಾನೇ ಬೀಗ ಹಾಕಿಕೊಂಡಿತು. ಬೀಗದ ಕೈ ಹೊರಗೆ ಗೂಟದಲ್ಲಿ ತೂಗುತ್ತಿತ್ತು.

ಹುಲಿಯ ಸುದ್ದಿಯೇ ತಿಳಿಯದ ಸಂದರ್ಶಕರು ಬೋನಿನ ಮುಂದೆ ಸೇರಿದರು. ಒಬ್ಬ ಅಜ್ಜಿ ಕನ್ನಡಕ ಏರಿಸಿಕೊಂಡು ಫಲಕವನ್ನು ಗಟ್ಟಿಯಾಗಿ ಓದಿದಳು: "ಸ್ವಭಾವತಃ ನಾಚಿಕೆಯ ಪ್ರಾಣಿ. ಹಣ್ಣು, ಜೇನು ಇಷ್ಟ. ಕೆಣಕಬೇಡಿ." ಆಮೇಲೆ ನಿರ್ದೇಶಕರನ್ನು ದಿಟ್ಟಿಸಿ, ಚೀಲದಿಂದ ಒಂದು ಬಾಳೆಹಣ್ಣು ತೆಗೆದು ಸರಳುಗಳ ನಡುವೆ ತೂರಿಸಿದಳು.

"ತಾಯೀ, ನಾನು ಇಲ್ಲಿನ ನಿರ್ದೇಶಕ!"

"ಇರ್ಲಿ ತಿನ್ನಪ್ಪ, ಹೆಣ್ಣಿಗೂ ಒಂದಿಷ್ಟು ಕೊಡು."

ತಿದ್ದಮ್ಮನಿಗೆ ಭೂಮಿ ಬಾಯ್ಬಿಡಬಾರದೇ ಅನ್ನಿಸಿತು. ಅಷ್ಟರಲ್ಲಿ ಒಂಟೆಯವನು ನೀರು ತೊಟ್ಟಿಕ್ಕುವ ಒಂಟೆಯನ್ನು ಹಿಡಿದು ಬಂದ. "ಸ್ನಾನ ಆಯ್ತು ಅಂತ ಒತ್ತಿ ಎಷ್ಟೊತ್ತಾಯ್ತು ಸಾರ್! ಮೈ ಒರೆಸೋಕೆ ಒಬ್ರೂ ಬರ್ಲಿಲ್ಲ. ನೀವೇನಿಲ್ಲಿ?"

ಇಂಗು ತಿಂದ ಮಂಗನಂತಾಗಿದ್ದ ನಿರ್ದೇಶಕರು ತಿದ್ದಮ್ಮನತ್ತ ತಿರುಗಿದರು. ಅವಳು ಆಗಲೇ ಬೋನಿನ ಗೋಡೆಯ ಮೇಲೆ ಸುಣ್ಣದ ಚೂರಿನಿಂದ ಸೊನ್ನೆ, ಒಂದು ಗೀಚುತ್ತಿದ್ದಳು.

"ಇಲ್ನೋಡಿ ಸಾರ್. ಸ್ನಾನದ ಸಾಲಿಗೂ ಹುಲಿಯ ಸಾಲಿಗೂ ಮೂರೇ ಅಂಕಿ ವ್ಯತ್ಯಾಸ. ಎರಡು ಮಗುಚಿದ್ರೆ ಸಾಕು, ಒಂಟೆಗಿಂತ ಹುಲಿಯೇ ಹತ್ತಿರ ಆಗ್ಬಿಡುತ್ತೆ. ಹಾಲು ಅಂದಿದ್ದು ಹಾವು ಅಂತ ಕೇಳ್ಸಿದ ಹಾಗೆ."

"ಹಾಗೆ ಯಾರಿಗಮ್ಮ ಕೇಳ್ಸುತ್ತೆ?"

ತಿದ್ದಮ್ಮ ಕೇಳಿಸದವಳಂತೆ ಗೋಡೆಯ ಮೇಲೆ ಇನ್ನೆರಡು ಸೊನ್ನೆ ಗೀಚಿದಳು. ಆದರೆ ಗಂಡ ಮೇಜಿನ ಮೇಲೆ ನಿಂತು ಹೇಳಿದ್ದು ಈಗ ತಲೆಗೆ ಇಳಿದಿತ್ತು.

ಬೀಗ ತೆಗೆಸಿಕೊಂಡು ಹೊರಬಂದವಳು ಎಲ್ಲವನ್ನೂ ಹೊಸದಾಗಿ ಹೆಣೆದಳು. ಸಾಲುಗಳನ್ನು ಉದ್ದ ಮಾಡಿದಳು. ಅಪಾಯದ ಸಂದೇಶಗಳನ್ನು ಉಳಿದವುಗಳಿಂದ ಬಲು ದೂರ ಇಟ್ಟಳು. ಬಂದ ಸಾಲು ಯಾವುದಕ್ಕೂ ಸಾಕಷ್ಟು ಹತ್ತಿರವಿಲ್ಲದಿದ್ದರೆ ಪೆಟ್ಟಿಗೆ ಊಹಿಸುವ ಗೋಜಿಗೆ ಹೋಗದೆ "ಇನ್ನೊಮ್ಮೆ ಹೇಳಿ" ಎನ್ನುವಂತೆ ಮಾಡಿದಳು. ಜಂಬ ನುಂಗಿಕೊಳ್ಳುವುದು ಲೆಕ್ಕಕ್ಕಿಂತ ಕಷ್ಟವಾಯಿತು.

ಎರಡನೇ ಪರೀಕ್ಷೆಯನ್ನು ನಿರ್ದೇಶಕರು ತಮ್ಮ ಕೋಣೆಯಲ್ಲೇ ಇಟ್ಟುಕೊಂಡರು. ಚಹಾ, ಬಿಸ್ಕತ್ತು ಬಂತು. ಪರದೆ ಬೆಳಗಿತು: "ಉಷ್ಟ್ರಪಕ್ಷಿ ತಪ್ಪಿಸಿಕೊಂಡಿದೆ."

ನಿರ್ದೇಶಕರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಈ ಸಲ ಯಾರಿಗಮ್ಮ ಸ್ನಾನ ಆಯ್ತು?"

"ಇಲ್ಲ ಸಾರ್, ಇದು ನಿಜ. ಅನುಮಾನ ಇದ್ದಿದ್ರೆ ಪೆಟ್ಟಿಗೆ..."

"ಇನ್ನೊಮ್ಮೆ ಹೇಳಿ ಅಂತಿತ್ತು, ಗೊತ್ತು, ಗೊತ್ತು. ಚಹಾ ಕುಡೀರಿ."

ಬಾಗಿಲು ಮೆಲ್ಲಗೆ ತೆರೆಯಿತು. ಮೊದಲು ಒಂದು ಕತ್ತು ಬಂತು, ಇನ್ನಷ್ಟು ಕತ್ತು ಬಂತು, ಕೊನೆಗೆ ಹಕ್ಕಿಯೂ ಬಂತು. ಅದು ಬಿಸ್ಕತ್ತಿನ ತಟ್ಟೆ ಖಾಲಿ ಮಾಡಿ, ನಿರ್ದೇಶಕರ ಕೋಟಿನ ಹೊಳೆಯುವ ಗುಂಡಿಯೊಂದನ್ನು ಕಿತ್ತು ನುಂಗಿತು. ನಿರ್ದೇಶಕರು ಸದ್ದಿಲ್ಲದೆ ಮೇಜಿನ ಕೆಳಗೆ ಜಾರಿದರು. ತಿದ್ದಮ್ಮ ಮಾತ್ರ ಕುರ್ಚಿಯ ಹಿಂದೆ ನಿಂತು, "ಸರಿಯಾಗಿ ಬಂತು! ಒಂದಕ್ಷರ ತಪ್ಪಿಲ್ಲ!" ಎಂದು ಚಪ್ಪಾಳೆ ತಟ್ಟಿದಳು.

ಹಕ್ಕಿ ನೋಡಿಕೊಳ್ಳುವವನು ಏದುಸಿರು ಬಿಡುತ್ತ ಓಡಿಬಂದ. "ಸಾರ್, ನಾನು ಒತ್ತಿದ್ದು ಬಂತಾ?"

"ಬಂತಪ್ಪಾ," ಎಂದಿತು ಮೇಜಿನ ಕೆಳಗಿನ ದನಿ. "ಸಂದೇಶಾನೂ ಬಂತು, ಹಕ್ಕೀನೂ ಬಂತು. ಮೊದಲು ಇದನ್ನ ಕರ್ಕೊಂಡು ಹೋಗು."