ಕೈ ಎತ್ತುವ ಹೊತ್ತು

ಒಂದು ಗಂಟೆ ಆಗುವ ಮೊದಲೇ ಸುಧಾರಾಣಿ ಮೆಣಸಿನಕಾಯಿ ಚೀಲಕ್ಕೆ ಮೊಬೈಲನ್ನು ಒರಗಿಸಿ ಇಟ್ಟಿದ್ದಳು. ಬ್ಯಾಡಗಿಯ ಅವಳ ಮನೆಯವರ ಗೋದಾಮಿನ ಅಂಗಳದಲ್ಲಿ ತೊಟ್ಟು ಬಿಡಿಸುತ್ತಿದ್ದ ಹೆಂಗಸರು ಸೆರಗಿನಿಂದ ಮೂಗು ಬಾಯಿ ಕಟ್ಟಿಕೊಂಡೇ ಅತ್ತ ಕತ್ತು ಚಾಚಿದರು. ಪರದೆಯ ಮೇಲೆ ಇಟಲಿಯ ಪಾದೋವಾ ಊರಿನ ಒಂದು ಚೌಕ. ಕಲ್ಲುಹಾಸು, ಸೈಕಲ್ಲು, ಪಾರಿವಾಳ. ಪ್ರವಾಸಿಗರ ಕಣ್ಣಿಗೆ ಊರು ಚಂದ ಕಾಣಲೆಂದು ಯಾರೋ ಎತ್ತರದ ಕಂಬದ ಮೇಲೆ ಕೂರಿಸಿದ ಕ್ಯಾಮೆರಾ. ಜಗತ್ತಿನಲ್ಲಿ ಬೇರೆ ಯಾರು ಅದನ್ನು ನೋಡುತ್ತಿದ್ದರೋ, ಹಾವೇರಿ ಜಿಲ್ಲೆಯ ಒಂದು ಮನೆತನವಂತೂ ಕಾಲೇಜಿರುವ ದಿನ ತಪ್ಪದೆ ನೋಡುತ್ತಿತ್ತು.

"ಅಕ್ಕಾರ, ಇವತ್ತ ಯಾವ ಸ್ವೆಟರ್ ಹಾಕ್ಕೊಂಡು ಬರ್ತಾಳ ನಿಮ್ಮ ಮಗಳು?" ಕೈಸರ ಕೇಳಿದಳು. ಆ ಅಂಗಳದಲ್ಲಿ ಕೂದಲು ನರೆಸಿಕೊಂಡವಳು ಅವಳು.

"ಕೆಂಪಂದು. ಥಂಡಿ ಜಗ್ಗಿ ಐತಂತ."

"ಕೆಂಪ ಹಾಕ್ಕೊಂಡು ನಮ್ಮ ರಾಶ್ಯಾಗ ಕುಂತ್ರ ಸಿಗೂದಿಲ್ಲ ನೋಡ್ರಿ, ಹುಡುಕಬೇಕಾಗ್ತದ!"

ಹೆಂಗಸರು ನಕ್ಕರು. ಸುಧಾರಾಣಿಯೂ ನಕ್ಕಳು, ಕಣ್ಣು ಮಾತ್ರ ಪರದೆ ಬಿಟ್ಟು ಕದಲಲಿಲ್ಲ.

ದೀಪಿಕಾ ಧಾರವಾಡದಲ್ಲಿ ಆಹಾರ ವಿಜ್ಞಾನ ಓದುವ ಹುಡುಗಿ. ಒಂದು ಸೆಮಿಸ್ಟರ್ ಇಟಲಿಯಲ್ಲಿ ಓದಲು ಆಯ್ಕೆಯಾದಾಗ ಮನೆಯಲ್ಲಿ ಎಲ್ಲರ ಬಾಯಿಂದ ಮೊದಲು ಹೊರಟದ್ದು ಬೇಡ ಎಂಬ ಮಾತೇ. ಕಡೆಗೆ ತೀರ್ಮಾನ ಹಾವೇರಿಯಿಂದ ಬಂತು. ಅಲ್ಲಿ ಗೊಬ್ಬರದ ಅಂಗಡಿ ಇಟ್ಟಿದ್ದ ದೊಡ್ಡಪ್ಪ ವಿಜಯಮಹಾಂತೇಶರ ಮಾತೇ ಮನೆತನದ ಮಾತು. ರಾಣೆಬೆನ್ನೂರಿನಲ್ಲಿ ಬೀಜದ ವ್ಯಾಪಾರ ಮಾಡುವ ಅವರ ಮಗ ವೀರೇಂದ್ರ ಈ ಕ್ಯಾಮೆರಾ ಹುಡುಕಿ ಕೊಟ್ಟಿದ್ದ. ಅಲ್ಲಿಯ ಬೆಳಗಿನ ಒಂಬತ್ತೂವರೆಗೆ, ಅಂದರೆ ಇಲ್ಲಿಯ ಮಧ್ಯಾಹ್ನ ಒಂದಕ್ಕೆ, ಕಾಲೇಜಿಗೆ ಹೋಗುವಾಗ ಹುಡುಗಿ ಆ ಚೌಕದಲ್ಲಿ ನಿಂತು, ಮೇಲೆ ನೋಡಿ, ಕೈ ಎತ್ತಬೇಕು. "ಒಂದು ದಿನ ತಪ್ಪಿದ್ರ ವಿಮಾನ ಹತ್ತಿ ವಾಪಸ್. ಮಾತು ಮುಗೀತು," ಎಂದಿದ್ದರು ವಿಜಯಮಹಾಂತೇಶ. ಸಿಟ್ಟಿನಿಂದ ಉರಿಯುತ್ತಿದ್ದ ಮಗಳನ್ನು ಒಪ್ಪಿಸಿದ್ದು ಸ್ವತಃ ಸುಧಾರಾಣಿ. "ಒಂದು ಕೈ ಎತ್ತಾಕ ಏನ ಬ್ಯಾನಿ ನಿನಗ?" ಎಂದು ಗದರಿದ್ದಳು.

ವೀರೇಂದ್ರ ಪುಣೆಯಲ್ಲಿ ಮೂರು ವರ್ಷ ಓದಿ ಬಂದವನು. ಅವನು ಯಾವ ಕಂಬದ ಕೆಳಗೂ ನಿಂತು ಕೈ ಎತ್ತಿರಲಿಲ್ಲ. ಅದನ್ನು ಯಾರೂ ಕೇಳಿರಲಿಲ್ಲ, ಸುಧಾರಾಣಿಯೂ.

ಒಂದು ಗಂಟೆಯಾಯಿತು. ಆ ಸೋಮವಾರ ಚೌಕ ಯಾಕೋ ಬಿಕೋ ಎನ್ನುತ್ತಿತ್ತು. ನೆರಳುಗಳು ಉದ್ದವಾಗಿದ್ದವು. ಅಂಗಡಿಯವನೊಬ್ಬ ಆಗಷ್ಟೇ ಬಾಗಿಲ ಮುಂದೆ ಕುರ್ಚಿ ಹಾಕುತ್ತಿದ್ದ. ಒಬ್ಬಳು ನಾಯಿ ಹಿಡಿದು ಹೋದಳು, ಒಬ್ಬ ಮುದುಕ ಕೆಮ್ಮಿದಂತೆ ಕಂಡಿತು. ದೀಪಿಕಾ ಬರಲಿಲ್ಲ.

ಫೋನ್ ಹಚ್ಚಿದಳು. ರಿಂಗಾಯಿತು, ಎತ್ತಲಿಲ್ಲ. ಮತ್ತೆ ಹಚ್ಚಿದಳು. ಬಸ್ಸು ಹಾಯಿತೋ, ಜ್ವರ ಬಂದು ಒಬ್ಬಳೇ ಬಿದ್ದಿದ್ದಾಳೋ. ಅರಿವಿಲ್ಲದೆ ಕಣ್ಣೊರೆಸಿಕೊಂಡಳು. ಬೆಳಗಿನಿಂದ ಮೆಣಸಿನಕಾಯಿ ಮುಟ್ಟಿದ ಕೈ. ಕಣ್ಣು ಧಗ್ಗನೆ ಉರಿಯಿತು.

"ಅಯ್ಯ, ಖಾರದ ಕೈಲೇ ಕಣ್ಣ ಮುಟ್ಟಿದ್ರೇನ್ರಿ!" ಕೈಸರ ಓಡಿಹೋಗಿ ತಂಬಿಗೆ ತಂದು ನೀರು ಸುರಿದಳು.

ಉರಿಯುವ ಕಣ್ಣಿನಲ್ಲೇ ಸುಧಾರಾಣಿ ಮನೆತನದ ಗ್ರೂಪ್ ತೆರೆದಳು. ಅಲ್ಲಿ ಆಗಲೇ ಪಂಚಾಯ್ತಿ ಕೂತಿತ್ತು. 'ಇಂದು ಕಾಣಲಿಲ್ಲ' ಎಂದು ವೀರೇಂದ್ರ ಬರೆದಿದ್ದ. ಕೆಳಗೆ ಮತ್ತೆ ಅವನದೇ: 'ಯಾರ ಜೊತೆ ಇದ್ದಾಳೆ ಅಂತ ರೂಮಿನ ಹುಡುಗಿಯನ್ನು ವಿಚಾರಿಸಿ'.

ಯಾರ ಜೊತೆ! ಆ ಎರಡು ಶಬ್ದಗಳನ್ನು ಅವಳು ಎರಡು ಸಲ ಓದಿದಳು. ಅಷ್ಟರಲ್ಲಿ ಹಾವೇರಿಯಿಂದ ಫೋನು.

"ಸುಧಾ, ಏನಿದು? ಮಗಳೆಲ್ಲಿ?"

"ಗೊತ್ತಾಗವಲ್ದ್ರಿ ಭಾವಾರ. ಆರಾಮಿಲ್ಲೋ ಏನೋ…"

"ಆರಾಮಿಲ್ದಾಕಿ ಫೋನ್ ಎತ್ತೂದಿಲ್ಲೇನು? ನಾ ಮೊದಲ ಹೇಳಿದ್ನೆಲ್ಲ, ಕಣ್ಣ ಮರೆಯಾದ್ರ ಕೈ ತಪ್ಪತಾರಂತ. ಏಜೆಂಟಗ ಹೇಳತೇನಿ, ಈ ವಾರದ್ದ ಟಿಕೆಟ್ ತಗಸ್ತಾನ. ನಾಕು ಮಂದ್ಯಾಗ ತಲಿ ಎತ್ತಿ ಅಡ್ಡಾಡಬೇಕು ನಾವು."

ಊಟಕ್ಕೆ ಬಂದಿದ್ದ ಗಂಡ ಸಿದ್ದಲಿಂಗಪ್ಪ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡ. "ಅಣ್ಣ ಹೇಳೂದರಾಗೂ ಏನ ತಪ್ಪೈತಿ?" ಎಂದ, ಚಪ್ಪಲಿ ನೋಡುತ್ತ.

"ನಿಮ್ಮಣ್ಣ ಆಕಿ ಸತ್ತಾಳೋ ಬದಕ್ಯಾಳೋ ಅಂತ ಕೇಳಿದ್ರೇನ್ರಿ? ನೀವರ ಕೇಳಿದ್ರೇನು?"

ಅಂಗಳದಲ್ಲಿ ಕೆಲಸ ನಿಂತಿತ್ತು. ಹೆಂಗಸರು ತಮ್ಮ ತಮ್ಮ ಮಡಿಲಲ್ಲಿದ್ದ ಕಾಯಿಗಳನ್ನೇ ನೋಡುತ್ತಿದ್ದರು. ಅವರಲ್ಲಿ ಹೆಣ್ಣು ಹೆರದವರು ಕಡಿಮೆ.

ಎರಡು ಗಂಟೆಗೆ ದೀಪಿಕಾ ಬಂದಳು.

ಕೆಂಪು ಸ್ವೆಟರ್. ಪಕ್ಕದಲ್ಲಿ ಇನ್ನೊಬ್ಬ ಹುಡುಗಿ. ಇಬ್ಬರೂ ಏನೋ ಹೇಳಿಕೊಂಡು ಬಾಗಿ ಬಾಗಿ ನಗುತ್ತಿದ್ದರು. ಚೌಕದ ನಡುವೆ ದೀಪಿಕಾ ನಿಂತಳು. ನಗು ಹೋಯಿತು. ಗೆಳತಿ ಇದೆಲ್ಲ ಗೊತ್ತಿದ್ದವಳಂತೆ ನಾಲ್ಕು ಹೆಜ್ಜೆ ದೂರ ಸರಿದು ಬೇರೆ ಕಡೆ ಮುಖ ತಿರುಗಿಸಿದಳು. ದೀಪಿಕಾ ಮೇಲೆ ನೋಡಿದಳು, ಕೈ ಎತ್ತಿದಳು, ಇಳಿಸಿದಳು. ಪೊಲೀಸ್ ಸ್ಟೇಷನ್ನಿನಲ್ಲಿ ದಿನಾ ಹಾಜರಿ ಕೊಡುವವರ ಮುಖ ಹೇಗಿರುತ್ತದೋ ಹಾಗಿತ್ತು ಆ ಮುಖ.

ಇಷ್ಟು ದಿನ ಸುಧಾರಾಣಿ ಆ ಕೈಯನ್ನಷ್ಟೇ ನೋಡಿದ್ದಳು.

ಐದೇ ನಿಮಿಷದಲ್ಲಿ ಮಗಳ ಫೋನ್ ಬಂತು. ಸುಧಾರಾಣಿ ಸ್ಪೀಕರ್ ಒತ್ತಿದಳು. "ಅವ್ವಾ, ಯಾಕ ಇಷ್ಟು ಕಾಲ್? ಯಾರಿಗರ ಏನರ ಆತೇನು? ಮಕ್ಕೊಂಡಿದ್ನಿ, ಫೋನ್ ಸೈಲೆಂಟ್ ಇತ್ತು."

"ತಾಸು ತಡಾ ಯಾಕ ಮಾಡಿದಿ?"

"ತಡಾ? ಟೈಮಿಗೇ ಬಂದೇನಿ… ಅಯ್ಯ! ನಿನ್ನೆ ಇಲ್ಲಿ ಗಡಿಯಾರ ಒಂದು ತಾಸು ಹಿಂದ ಮಾಡ್ಯಾರವ್ವಾ. ಚಳಿಗಾಲಕ್ಕ ಹಂಗ ಮಾಡ್ತಾರ, ದೇಶಕ್ಕ ದೇಶನ. ನಿಮಗ ಹೇಳೂದ ಮರತ್ನಿ."

"ಸರ್ಕಾರ ಹೇಳಿದ್ರ ಹೊತ್ತೂ ಹಿಂದ ಸರೀತೈತೇನವಾ?" ಕೈಸರ ಬಾಯಿ ಬಿಟ್ಟಳು. ಅಂಗಳಕ್ಕೆ ಉಸಿರು ಮರಳಿತು.

ಸಿದ್ದಲಿಂಗಪ್ಪ ತನ್ನ ಮೊಬೈಲಿನಿಂದ ಗ್ರೂಪಿಗೆ ಇದನ್ನು ತಿಳಿಸಿದ. ಅದರಲ್ಲೇ ವಿಜಯಮಹಾಂತೇಶರ ಧ್ವನಿ ಸಂದೇಶ ಬಂತು: "ಸರಿ ಸರಿ. ನಾಳಿಂದ ಎರಡು ಗಂಟೆಗೆ ನೋಡೂಣು. ಟಿಕೆಟಿಂದು ಸದ್ಯಕ್ಕ ಬ್ಯಾಡ." ತಪ್ಪಾಯಿತು ಎಂಬ ಮಾತಿಲ್ಲ. ವೀರೇಂದ್ರ ಹೆಬ್ಬೆರಳು ಎತ್ತಿದ ಚಿತ್ರ ಹಾಕಿದ. ಸಿದ್ದಲಿಂಗಪ್ಪ ಊಟಕ್ಕೆ ಒಳಗೆ ಹೋದ.

ಸುಧಾರಾಣಿ ಇನ್ನೂ ಫೋನ್ ಇಟ್ಟಿರಲಿಲ್ಲ.

"ದೀಪಿ, ನಾಳಿಂದ ಕೈ ಎತ್ತಬ್ಯಾಡ."

"ಅವ್ವಾ, ದೊಡ್ಡಪ್ಪ ಟಿಕೆಟ್ ತಗಸ್ತಾರ."

"ಟಿಕೆಟ್ ತಗಿಸಿದ್ರ ಹತ್ತಾಕಿ ನೀನೋ ಅವರೋ? ಹತ್ತಬ್ಯಾಡ. ಆರಾಮಿಲ್ಲಂದ್ರ ನನಗ ಹೇಳು, ಹಸಿವಾದ್ರ ಹೇಳು. ಕಂಬಕ್ಕ ಹೇಳಬ್ಯಾಡ."

"ನಿನ್ನ ಸುಮ್ನ ಬಿಡತಾರೇನು?"

"ಬಿಡೂದಿಲ್ಲ," ಎಂದಳು ಸುಧಾರಾಣಿ. "ಅದಿರ್ಲಿ. ಕ್ಲಾಸಿಗೆ ಹೋಗು."

ಮರುದಿನ ಎರಡು ಗಂಟೆಗೆ ಅವಳು ಮೊಬೈಲನ್ನು ಚೀಲಕ್ಕೆ ಒರಗಿಸಲಿಲ್ಲ. ಮಡಿಲಲ್ಲಿ ಮಗುಚಿ ಇಟ್ಟುಕೊಂಡು ತೊಟ್ಟು ಬಿಡಿಸುತ್ತ ಕೂತಳು. ನೋಡಬೇಕೆಂದು ಜೀವ ಹಾರುತ್ತಿತ್ತು. ಒಂದು ಸಲ, ಒಂದೇ ಸಲ, ಕೆಂಪೋ ನೀಲಿಯೋ ಅಂತ. ಲಕ್ಷ್ಯ ತಪ್ಪಿ ತೊಟ್ಟಿನ ಜೊತೆ ಕಾಯಿಯೂ ಮುರಿಯಿತು, ಬೀಜ ಚೆಲ್ಲಿತು. ಕೈಸರ ಸರಿದು ಹತ್ತಿರ ಕೂತಳು.

ಮಡಿಲಲ್ಲಿ ಫೋನ್ ನಡುಗಿತು. ಹಾವೇರಿ.

ಸುಧಾರಾಣಿ ಸೆರಗಿಗೆ ಕೈ ಒರೆಸಿಕೊಂಡು ಎತ್ತಿದಳು. "ಹೌದ್ರಿ ಭಾವಾರ," ಎಂದಳು ಅವರು ಬಾಯಿ ತೆರೆಯುವ ಮೊದಲೇ, "ಕೈ ಎತ್ತಿಲ್ಲ. ನಾನ ಬ್ಯಾಡ ಅಂದೇನಿ."