ಕೋಟಿನ ಎಡ ಅರ್ಧ

“ಒಂದೂವರೆ ಮೀಟರ್ ಬಟ್ಟೆಗೆ ಕಾಲು ಬಂದು ನಡ್ಕೊಂಡು ಹೋಯ್ತಾ?”

ದೊಡ್ಡ ಮಾಸ್ಟರ್ ಮೇಜು ಗುದ್ದಿದ ರಭಸಕ್ಕೆ ಸೀಮೆಸುಣ್ಣದ ಬಿಲ್ಲೆ ಎಗರಿ ನೆಲಕ್ಕೆ ಬಿತ್ತು. “ಮೂರು ಮೀಟರ್ ಅಂತ ಅಳೆದು ಇಟ್ಕೊಂಡಿದ್ದು ನಾನು. ಈಗ ನೋಡಿದ್ರೆ ಅರ್ಧ ಕೋಟ್ ಹೊಲಿಯೋಷ್ಟು ಮಾತ್ರ ಇದೆ. ಉಳಿದರ್ಧ ಯಾರ ಹೊಟ್ಟೆಗೆ ಹೋಯ್ತು ಅಂತ ನಂಗೊತ್ತು.”

ಉಳಿದರ್ಧ ಯಾರ ಹೊಟ್ಟೆಗೂ ಹೋಗಿರಲಿಲ್ಲ. ಅದೇ ಮೇಜಿನ ಮೇಲೆ, ಅವರ ಎಡಗೈಯಿಂದ ಒಂದು ಗೇಣು ಆಚೆ, ಮಡಿಕೆ ಬಿಚ್ಚಿಕೊಂಡು ಹಾಸಿ ಬಿದ್ದಿತ್ತು. ಬೂದು ಬಣ್ಣದ ಉಣ್ಣೆ ಬಟ್ಟೆ, ಮೇಲೆ ಕಂದು ಗೆರೆಗಳ ಚೌಕಳಿ. ಆ ಹೊತ್ತಿಗೆ ಹೊಲಿಗೆ ಅಂಗಡಿಯಲ್ಲಿದ್ದ ಮೂವರಲ್ಲಿ ಇಬ್ಬರಿಗೆ ಅದು ಚೆನ್ನಾಗಿಯೇ ಕಾಣುತ್ತಿತ್ತು. ಒಬ್ಬರು ಕೋಟು ಹೊಲಿಸಲು ಆ ಬಟ್ಟೆ ತಂದುಕೊಟ್ಟ ವಕೀಲರು. ಇನ್ನೊಬ್ಬ ದೊಡ್ಡ ಮಾಸ್ಟರ ತಮ್ಮ. ಅವನಿಗೆ ಐವತ್ತೆರಡು ವರ್ಷ, ತಲೆಯಲ್ಲಿ ಕಪ್ಪು ಕೂದಲು ಹುಡುಕಬೇಕು, ಆದರೂ ಊರಿಗೆಲ್ಲ ಅವನು ಚಿಕ್ಕ ಮಾಸ್ಟರ್.

ವಕೀಲರು ಬೆರಳು ತೋರಿಸಿ ಮೆಲ್ಲಗೆ ಹೇಳಿದರು, “ಮಾಸ್ಟರ್, ಅಲ್ಲೇ ನಿಮ್ಮ ಎಡಗಡೆ ಇದೆಯಲ್ಲ.”

“ಎಡಗಡೆನೂ ನೋಡಿದೆ ಸಾರ್. ನಾನೇನು ಕುರುಡನಾ?” ಎಂದು ದೊಡ್ಡ ಮಾಸ್ಟರ್ ತಲೆಯನ್ನು ಇನ್ನಷ್ಟು ಬಲಕ್ಕೆ ತಿರುಗಿಸಿದರು. “ಮನೆಯಲ್ಲೇ ಕಳ್ಳನನ್ನ ಇಟ್ಕೊಂಡು ಎಡಗಡೆ ನೋಡಿದ್ರೇನು, ಬಲಗಡೆ ನೋಡಿದ್ರೇನು. ಎಲ್ಲಿ ಅವನು?”

ಅವನು ಅವರ ಎಡಕ್ಕೆ, ಎರಡು ಮಾರು ದೂರದಲ್ಲಿ, ಕಿಟಕಿ ಪಕ್ಕದ ಹೊಲಿಗೆ ಯಂತ್ರದ ಮುಂದೆ ಕೂತಿದ್ದ. ಎದ್ದು ಬಟ್ಟೆಯ ಅಂಚು ಹಿಡಿದು ಬಲಕ್ಕೆ ಒಂದು ಸಲ ಎಳೆದಿದ್ದರೆ ಅಲ್ಲಿಗೆ ಎಲ್ಲ ಮುಗಿಯುತ್ತಿತ್ತು. ಅವನು ಎಳೆಯಲಿಲ್ಲ. ಹುಡುಕಲಿ, ಸಾಯೋವರೆಗೂ ಹುಡುಕಲಿ ಎಂದುಕೊಂಡು ಸೂಜಿಗೆ ದಾರ ಪೋಣಿಸುತ್ತ ಕೂತ. ಕಳ್ಳತನದ ಆರೋಪ ಬರುವುದೇ ಆದರೆ ವಕೀಲರ ಎದುರಿಗೇ ಬರಬೇಕೆ ಎಂದು ಮನಸ್ಸಿನಲ್ಲೇ ನಗಲು ನೋಡಿದ. ಆದರೆ ದಾರ ಸೂಜಿಯ ಕಣ್ಣಿಗೆ ಸೇರಲೇ ಇಲ್ಲ.

ವಕೀಲರಿಗೆ ಜಗಳ ಕೋರ್ಟಿನ ಒಳಗಿದ್ದರೆ ಚೆಂದ, ಹೊರಗೆ ಬೇಡ. ಇಂಥ ಬಟ್ಟೆ ಇನ್ನೊಂದು ತುಂಡು ಎಲ್ಲಿಯೂ ಸಿಗುವುದಿಲ್ಲವೆಂದೂ, ಸಂಜೆ ಐದಕ್ಕೆ ಟ್ರಯಲ್‌ಗೆ ಬರುತ್ತೇನೆಂದೂ, ಆಗ ಕೋಟಿನ ಎಡ, ಬಲ ಎರಡೂ ಮುಂಭಾಗ ಕಚ್ಚಾ ಹೊಲಿಗೆ ಹಾಕಿ ಸಿದ್ಧವಿರದಿದ್ದರೆ ಇದ್ದಷ್ಟು ಬಟ್ಟೆ ಎತ್ತಿಕೊಂಡು ಬೇರೆ ಅಂಗಡಿಗೆ ಹೋಗುತ್ತೇನೆಂದೂ ಹೇಳಿ ಮೆಟ್ಟಿಲಿಳಿದರು. ಇಳಿಯುವಾಗ ಚಿಕ್ಕ ಮಾಸ್ಟರನ್ನು ಒಂದು ಥರ ನೋಡಿದರು. ಇದೆಂಥ ಮನುಷ್ಯನಯ್ಯಾ ನೀನು ಎಂಬಂತಿತ್ತು ಆ ನೋಟ.

ಅವರು ಮರೆಯಾಗುತ್ತಲೇ ದೊಡ್ಡ ಮಾಸ್ಟರ್ ಒಳಮನೆಯ ಬಾಗಿಲ ಕಡೆಗೆ ಕೂಗಿ ಹೆಂಡತಿಗೆ ತೀರ್ಪು ತಿಳಿಸಿದರು. ಇವತ್ತು ಕೊನೆ, ನಾಳೆಯಿಂದ ಅವನು ಈ ಅಂಗಡಿ ಮೆಟ್ಟಿಲು ಹತ್ತಕೂಡದು. ಕಳ್ಳನಿಗೆ ಅನ್ನ ಹಾಕಿ ಸಾಕಿದ್ದು ಸಾಕು.

ಇದೆಲ್ಲ ಶುರುವಾಗಿ ಎರಡೂವರೆ ತಿಂಗಳಾಗಿತ್ತು. ಒಂದು ಬೆಳಿಗ್ಗೆ ಗಿರಾಕಿಯೊಬ್ಬರ ಭುಜ ಅಳೆಯುತ್ತಿದ್ದ ದೊಡ್ಡ ಮಾಸ್ಟರ್ ಟೇಪು ಹಿಡಿದಂತೆಯೇ ಕುಸಿದರು. ಮಿದುಳಿನ ಬಲಭಾಗದಲ್ಲಿ ರಕ್ತ ಹೆಪ್ಪುಗಟ್ಟಿತ್ತು. ಕೈಕಾಲಿನ ಶಕ್ತಿ ಮೂರು ವಾರಕ್ಕೆ ಹೆಚ್ಚುಕಡಿಮೆ ಮರಳಿತು, ಬಾಯಿಯಂತೂ ಒಂದು ದಿನವೂ ರಜೆ ಹಾಕಲಿಲ್ಲ. ಆದರೆ ಬೇರೆ ಏನೋ ಮರಳಲಿಲ್ಲ. ಡಾಕ್ಟರು ಒಂದು ಹಾಳೆಯ ತುಂಬ ಚಿಕ್ಕ ಗೆರೆಗಳನ್ನು ಎಳೆದು, ಎಲ್ಲವನ್ನೂ ಹೊಡೆದು ಹಾಕಿ ಎಂದು ಕೊಟ್ಟರು. ದೊಡ್ಡ ಮಾಸ್ಟರ್ ಬಲಗಡೆಯ ಗೆರೆಗಳನ್ನು ಅಚ್ಚುಕಟ್ಟಾಗಿ ಹೊಡೆದು, ಎಡಗಡೆಯ ಒಂದನ್ನೂ ಮುಟ್ಟದೆ, “ಮುಗೀತು” ಎಂದು ಪೆನ್ನು ವಾಪಸು ಕೊಟ್ಟರು. ಇಂಥ ಮಕ್ಕಳಾಟಕ್ಕೆಲ್ಲ ತನಗೆ ಪುರುಸೊತ್ತಿಲ್ಲ ಎಂದೂ ಸೇರಿಸಿದರು.

“ಕಣ್ಣಿಗೆ ಏನೂ ಆಗಿಲ್ಲ. ಕಣ್ಣು ತಂದು ಕೊಡುತ್ತೆ, ಮಿದುಳು ತಗೊಳ್ಳಲ್ಲ” ಎಂದು ಡಾಕ್ಟರು ಹೊರಗೆ ಕರೆದು ಹೇಳಿದ್ದರು. “ಅವರ ಪಾಲಿಗೆ ಎಡಗಡೆ ಕತ್ತಲೆ ಅಲ್ಲ, ಎಡಗಡೆ ಅನ್ನೋದೇ ಇಲ್ಲ. ಇಲ್ಲದೇ ಇರೋದನ್ನ ಹುಡುಕಿ ಅಂದ್ರೆ ಯಾರು ಹುಡುಕ್ತಾರೆ? ನೀವು ಯಾವಾಗಲೂ ಅವರ ಎಡಕ್ಕೆ ನಿಂತು ಮಾತಾಡಿಸ್ತಾ ಇರಿ. ತಿರುಗೋ ಅಭ್ಯಾಸ ಆಗಬೇಕು. ಆಗಬಹುದು, ಆಗದೆಯೂ ಇರಬಹುದು.”

ಆಮೇಲೆ ಮನೆಯಲ್ಲಿ ದಿನಕ್ಕೊಂದು ನಾಟಕ. ಜಗತ್ತಿಗೆಲ್ಲ ಅಂಗಿಯ ತೋಳು ಕತ್ತರಿಸಿ ಕೊಟ್ಟ ಮನುಷ್ಯ ಬೆಳಿಗ್ಗೆ ಶರ್ಟಿನ ಬಲತೋಳನ್ನು ಮಾತ್ರ ತೊಟ್ಟು, ಎಡತೋಳು ನೇತಾಡಿಸಿಕೊಂಡು ಅಂಗಡಿಗೆ ಬರುತ್ತಿದ್ದರು. ಹೆಂಡತಿ ಹಿಡಿದು ನಿಲ್ಲಿಸಿ ತೊಡಿಸಿದರೆ, ಬೇರೆ ಯಾರದೋ ಕೈಯನ್ನು ತಂದು ತನ್ನ ಶರ್ಟಿಗೆ ತುರುಕುತ್ತಿದ್ದಾಳೆ ಎಂಬಂತೆ ಸಿಡುಕುತ್ತಿದ್ದರು. ತನಗೆ ಏನೋ ಆಗಿದೆ ಎಂದು ಅವರು ಒಂದು ಗಳಿಗೆಯೂ ಒಪ್ಪಲಿಲ್ಲ. ಸಿಗದ ವಸ್ತುವನ್ನೆಲ್ಲ ಯಾರೋ ಕದ್ದಿದ್ದಾರೆ ಅಷ್ಟೇ. ಆ ಯಾರೋ ಎಂದರೆ ತಮ್ಮನೇ.

ಡಾಕ್ಟರು ಹೇಳಿದ್ದಾರೆ ಎಂಬ ನೆಪದಲ್ಲಿ ಚಿಕ್ಕ ಮಾಸ್ಟರ್ ತನ್ನ ಯಂತ್ರವನ್ನು ಅಣ್ಣನ ಎಡಕ್ಕೆ ಎಳೆದುಕೊಂಡ. ಮಾತಾಡಿಸುವುದಿರಲಿ, ಅಲ್ಲಿ ಕೂತ ಮೊದಲ ದಿನವೇ ಅವನಿಗೆ ಸ್ವರ್ಗ ಸಿಕ್ಕಿದಂತಾಯಿತು. ಮೂವತ್ತು ವರ್ಷ ಅಣ್ಣನ ಕಣ್ಣಿನ ಕೆಳಗೆ ತಲೆ ತಗ್ಗಿಸಿ ಹೊಲಿದವನು ಅವನು. ಅಂಗಡಿಯಲ್ಲಿ ಒಂದೇ ಕಟ್ಟಳೆ: ಬಟ್ಟೆಗೆ ಕತ್ತರಿ ಹಾಕುವುದು ದೊಡ್ಡ ಮಾಸ್ಟರ್ ಮಾತ್ರ. ಇಪ್ಪತ್ತೆರಡನೇ ವಯಸ್ಸಿನಲ್ಲಿ ಒಮ್ಮೆ, ಅಣ್ಣ ಊಟಕ್ಕೆ ಹೋದಾಗ, ಆಸೆ ತಡೆಯದೆ ಒಂದು ತೋಳು ಕತ್ತರಿಸಿದ್ದ. ಅಣ್ಣ ಬಂದು, ಗಿರಾಕಿಗಳ ಎದುರಿಗೇ ಮರದ ಸ್ಕೇಲಿನಿಂದ ಬೆರಳ ಗೆಣ್ಣಿನ ಮೇಲೆ ನಾಲ್ಕು ಬಾರಿಸಿ, “ನಿಂದು ಹೊಲಿಯೋ ಕೈ ಕಣೋ, ಕತ್ತರಿಸೋ ಕೈ ಅಲ್ಲ” ಎಂದಿದ್ದರು. ಆ ಮಾತು ಗೆಣ್ಣಿನ ನೋವಿಗಿಂತ ಹೆಚ್ಚು ದಿನ ಉಳಿಯಿತು. ಆಮೇಲೆ ಅವನು ರಜೆಯ ದಿನಗಳಲ್ಲಿ ತನ್ನ ಕೋಣೆಯ ಬಾಗಿಲು ಹಾಕಿಕೊಂಡು ಹಳೆಯ ಪೇಪರುಗಳಲ್ಲಿ ಕೋಟು ಕತ್ತರಿಸುತ್ತಿದ್ದ. ನೂರಾರು ಕೋಟುಗಳು, ಎಲ್ಲ ಒಲೆಗೆ.

ಈಗ ಎಡಗಡೆಯಲ್ಲಿ ಅವನು ಕಾಲು ಚಾಚಿ ಟೀ ಕುಡಿದ. ಅಣ್ಣ ಕೂಗಿದರೆ ಓಗೊಡದೆ ಕೂತ. ಒಂದು ಮಧ್ಯಾಹ್ನ ಅಣ್ಣ ಬಲಗಡೆಯ ಗೋಡೆಗೆ ಮುಖ ಮಾಡಿ ಅವನನ್ನು ಬಾಯಿಗೆ ಬಂದಂತೆ ಬೈಯುತ್ತಿದ್ದಾಗ, ಐವತ್ತೆರಡು ವರ್ಷದ ಈ ಗಂಡಸು ಎದ್ದು ನಿಂತು, ಅವರತ್ತ ಬಾಗಿ, ನಾಲಿಗೆ ಚಾಚಿದ. ಎಂಥ ಸುಖ! ಆ ರಾತ್ರಿ ಊಟ ರುಚಿಸಲಿಲ್ಲ, ಅದು ಬೇರೆ ಮಾತು. ಮರುದಿನ ಮತ್ತೆ ಚಾಚಿದ.

ಗಂಡನ ತೀರ್ಪು ಕೇಳಿ ಹೊರಬಂದ ಅತ್ತಿಗೆ ಮೇಜು ನೋಡಿದರು, ಹರಡಿದ ಬಟ್ಟೆ ನೋಡಿದರು. ನೇರ ಕಿಟಕಿಯ ಹತ್ತಿರ ಬಂದು ದನಿ ತಗ್ಗಿಸಿದರು. “ಅದನ್ನ ಆ ಕಡೆ ಎಳೆಯೋಕೆ ನಿಂಗೆ ಕೈ ಇರ್ಲಿಲ್ವಾ?”

“ವಕೀಲರ ಮುಂದೆ ನನ್ನ ಕಳ್ಳ ಅಂದ, ಅತ್ತಿಗೆ.”

“ಅಂದ್ರು. ಅವರಿಗೆ ಮಿದುಳಲ್ಲಿ ಪೆಟ್ಟಾಗಿದೆ. ನಿಂಗೆಲ್ಲಿ ಪೆಟ್ಟಾಗಿದೆ?”

“ಪೆಟ್ಟಾಗೋಕೆ ಮುಂಚೆ ಇವನು ಬೇರೆ ಥರ ಇದ್ನಾ?” ಚಿಕ್ಕ ಮಾಸ್ಟರ ದನಿ ಏರಿತು. “ಎಡಗಡೆ ಈಗ ಹೋಗಿರ್ಬಹುದು. ನಾನು ಯಾವತ್ತು ಕಂಡಿದ್ದೆ ಅವನಿಗೆ?”

“ಯಾವತ್ತೂ ಇಲ್ಲ” ಎಂದರು ಅತ್ತಿಗೆ. “ನಂಗೂ ಗೊತ್ತು. ಆದ್ರೆ ಡಾಕ್ಟರು ಇಲ್ಲಿ ನಿಂತ್ಕೊಂಡು ಮಾತಾಡ್ಸು ಅಂದ್ರು. ನೀನು ಇಲ್ಲಿ ಕೂತು ನಾಲಿಗೆ ಚಾಚ್ತೀಯ. ನಾನು ಬಾಗಿಲ ಸಂದಿಯಿಂದ ನೋಡಿದೀನಿ. ಎರಡು ಸಲ.”

ಚಿಕ್ಕ ಮಾಸ್ಟರ ಮುಖ ಕಿವಿಯವರೆಗೂ ಬಿಸಿಯಾಯಿತು. ನಾಚಿಕೆಯಾಯಿತು. ನಾಚಿಕೆಯಾಯಿತಲ್ಲ ಎಂದು ಇನ್ನಷ್ಟು ಸಿಟ್ಟು ಬಂತು.

ಅಷ್ಟರಲ್ಲಿ ಮೇಜಿನ ಕಡೆಯಿಂದ ಹೊಸ ಗದ್ದಲ. ದೊಡ್ಡ ಮಾಸ್ಟರ್ ಬಲಗೈಯಲ್ಲಿದ್ದ ಕತ್ತರಿಯನ್ನು ಎದೆಯ ಮುಂದಿನಿಂದ ದಾಟಿಸಿ ಬಟ್ಟೆಯ ಮೇಲೆ, ಎಡಕ್ಕೆ ಇಟ್ಟುಬಿಟ್ಟಿದ್ದರು. ಇಟ್ಟ ಕ್ಷಣವೇ ಅದು ಈ ಲೋಕದಲ್ಲಿ ಇಲ್ಲವಾಯಿತು. ಈಗ ಬಲಗಡೆಯೆಲ್ಲ ತಡಕಿ, ಡಬ್ಬಿ ಸುರಿದು, ಕತ್ತರಿಯನ್ನೂ ಕದ್ದರು, ನಾಳೆ ನನ್ನ ಕೈಯನ್ನೇ ಕಡಿದುಕೊಂಡು ಹೋಗುತ್ತಾರೆ ಎಂದು ಅರಚುತ್ತಿದ್ದರು. ಗೋಡೆ ಗಡಿಯಾರದಲ್ಲಿ ಮೂರೂವರೆ.

ಚಿಕ್ಕ ಮಾಸ್ಟರ್ ಎದ್ದು ಹೋಗಿ ಕತ್ತರಿಗೆ ಕೈ ಹಾಕಿದ. ಕಪ್ಪು ಹಿಡಿಯ ಭಾರದ ಕತ್ತರಿ, ಇನ್ನೂ ಅಣ್ಣನ ಕೈಯ ಬಿಸಿಯಿತ್ತು. ಅತ್ತಿಗೆಯ ಮುಖ ನೋಡಿದ. ಅವರು ಒಳಗೆ ಹೋಗಿ ಟೀ ಲೋಟ ತಂದು ಗಂಡನ ಬಲಕ್ಕೆ ಸ್ಟೂಲು ಎಳೆದು ಕೂತರು. ಸಕ್ಕರೆ ಜಾಸ್ತಿಯಾಯಿತೆಂದು ದೊಡ್ಡ ಮಾಸ್ಟರ್ ಬೈಯಲು ಶುರುಮಾಡಿದರೆ, ಅತ್ತಿಗೆ ಮಾತಿಗೆ ಮಾತು ಕೊಡುತ್ತ ಜಗಳ ಆರದಂತೆ ನೋಡಿಕೊಂಡರು.

ಚೌಕಳಿ ಬಟ್ಟೆಯನ್ನು ಮಡಿಸಿ ಎರಡು ಪದರ ಒಟ್ಟಿಗೆ ಕತ್ತರಿಸುವಂತಿಲ್ಲ. ಮೊದಲು ಬಲ ಮುಂಭಾಗ, ಆಮೇಲೆ ಅದನ್ನೇ ಬಟ್ಟೆಯ ಮೇಲೆ ಮಗುಚಿ ಇಟ್ಟು, ಗೆರೆಗೆ ಗೆರೆ ಕೂಡಿಸಿ ಎಡ ಮುಂಭಾಗ. ಒಂದು ನೂಲು ತಪ್ಪಿದರೂ ಗುಂಡಿ ಹಾಕಿದಾಗ ಎದೆಯ ಮೇಲೆ ಚೌಕಳಿ ಮುರಿದು ಕಾಣುತ್ತದೆ. ಅಣ್ಣ ಕತ್ತರಿಸಿಟ್ಟ ಬಲ ಮುಂಭಾಗ ಅವರ ಮೊಣಕೈ ಹತ್ತಿರವೇ ಇತ್ತು. ಚಿಕ್ಕ ಮಾಸ್ಟರ್ ಎರಡು ಬೆರಳಲ್ಲಿ ಅದರ ತುದಿ ಹಿಡಿದು ಉಸಿರು ಬಿಗಿಹಿಡಿದು ಎಳೆದ. ತುಂಡು ಇಂಚಿಂಚಾಗಿ ಸರಿದು, ಮೇಜಿನ ನಡುವೆ ದಾಟಿ, ಅಣ್ಣನ ಪಾಲಿಗೆ ಇಲ್ಲವಾಯಿತು. ಕೊನೆಗೂ ಕಳ್ಳತನ ಮಾಡಿದೆ ಎಂದುಕೊಂಡ.

ಮಗುಚಿ ಹಾಸಿದ. ಗೆರೆ ಕೂಡಿಸಿದ, ಗುಂಡುಸೂಜಿ ಚುಚ್ಚಿದ, ಸುತ್ತ ಸುಣ್ಣದ ಗೆರೆ ಎಳೆದ. ಕತ್ತರಿ ಹಾಕುವ ಮೊದಲು ಅಂಗೈ ಬೆವರನ್ನು ಪ್ಯಾಂಟಿಗೆ ಒರೆಸಿಕೊಂಡ. ತಪ್ಪಿದರೆ ಇನ್ನೊಂದು ಬಟ್ಟೆಯಿಲ್ಲ, ನಾಳೆ ಅಂಗಡಿಯೂ ಇಲ್ಲ, ಕಳ್ಳನೆಂಬ ಹೆಸರು ಮಾತ್ರ ಇರುತ್ತದೆ. ಕೆಳಗಿನ ಅಲಗು ಮೇಜು ಬಿಟ್ಟು ಏಳದಂತೆ, ಮೂವತ್ತು ವರ್ಷ ಓರೆಗಣ್ಣಲ್ಲಿ ನೋಡಿ ಕಲಿತಂತೆ, ಉದ್ದುದ್ದ ಹೆಜ್ಜೆಯಲ್ಲಿ ಕತ್ತರಿಸಿದ. ಪೇಪರಿಗಿಂತ ಉಣ್ಣೆ ಸುಲಭವಾಗಿ ಬಿಟ್ಟುಕೊಟ್ಟಿತು. ಕಂಕುಳ ತಿರುವಿನಲ್ಲಿ ಒಮ್ಮೆ ನಿಂತ. ಒಂದು ಮೊಳ ಆಚೆ ಅಣ್ಣ ಬೈಯುತ್ತಲೇ ಇದ್ದರು. ನೋಡೋ, ಈಗಾದರೂ ಈ ಕಡೆ ತಿರುಗಿ ನೋಡೋ ಎಂದು ಚಿಕ್ಕ ಮಾಸ್ಟರಿಗೆ ಕೂಗಿ ಹೇಳಬೇಕೆನ್ನಿಸಿತು. ನಾಲಿಗೆ ಚಾಚಿದಾಗ ಕಾಣದಿರಲಿ ಎಂದು ಬಯಸಿದವನಿಗೆ ಈಗ ಒಂದೇ ಒಂದು ಸಲ ಕಾಣಬೇಕಾಗಿತ್ತು. ತಿರುವು ದಾಟಿ ಕೊನೆಯವರೆಗೂ ಕತ್ತರಿಸಿದ.

ಎರಡೂ ತುಂಡು ಎತ್ತಿಕೊಂಡು, ಮೇಜು ಸುತ್ತಿ ಅಣ್ಣನ ಬಲಕ್ಕೆ ಬಂದು, ಅವರ ಮುಂದೆ ಜೋಡಿಸಿ ಇಟ್ಟ.

ದೊಡ್ಡ ಮಾಸ್ಟರ್ ಬಾಗಿದರು. ಕತ್ತರಿಸಿದ ಅಂಚಿನ ಮೇಲೆ ಹೆಬ್ಬೆರಳು ಆಡಿಸಿದರು. ಎರಡು ಮುಂಭಾಗವನ್ನು ಒಂದರ ಮೇಲೊಂದು ಇಟ್ಟು ಬೆಳಕಿಗೆ ಹಿಡಿದರು, ಮತ್ತೆ ಹಾಸಿದರು. ಚೌಕಳಿ ಎಲ್ಲಿಯೂ ಮುರಿದಿರಲಿಲ್ಲ. ಕಂಕುಳ ತಿರುವಿನಲ್ಲಿ ಅವರ ಬೆರಳು ತುಂಬ ಹೊತ್ತು ನಿಂತಿತು.

“ನನ್ನ ಕೈ” ಎಂದರು ದೊಡ್ಡ ಮಾಸ್ಟರ್. ತಲೆಯೆತ್ತಿ ತಮ್ಮನನ್ನು ನೇರವಾಗಿ ನೋಡಿದರು. “ಈ ತಿರುವು ಹೀಗೆ ತೆಗೆಯೋನು ಈ ಊರಲ್ಲಿ ಇನ್ನೊಬ್ಬ ಇಲ್ಲ. ಬೆಳಿಗ್ಗೇನೇ ಕತ್ತರಿಸಿಟ್ಟಿದ್ದೆ ಅಂತ ನಂಗೆ ಅನುಮಾನ ಇತ್ತು. ನೀನೆಲ್ಲಿ ಬಚ್ಚಿಟ್ಟಿದ್ದೆ?”

ಅತ್ತಿಗೆ ಬಾಯಿ ತೆರೆದರು. ಚಿಕ್ಕ ಮಾಸ್ಟರ್ ಬೇಡವೆಂದು ಕೈ ಅಡ್ಡ ಮಾಡಿದ. ಅಳು ಬರುತ್ತಿದೆಯೋ ನಗು ಬರುತ್ತಿದೆಯೋ ಅವನಿಗೇ ತಿಳಿಯಲಿಲ್ಲ.

“ಮೇಜಿನ ಕೆಳಗೆ” ಎಂದ.

“ಕಳ್ಳ” ಎಂದರು ದೊಡ್ಡ ಮಾಸ್ಟರ್. ಎದುರಿಗಿದ್ದ ಸುಣ್ಣದ ತುಂಡು ತೆಗೆದುಕೊಂಡು, ಕತ್ತರಿಸಿದ ಕೆಲಸಕ್ಕೆಲ್ಲ ಹಾಕುವ ತಮ್ಮ ಗುರುತನ್ನು, ಒಂದು ಗೆರೆಯ ಮೇಲೆ ಎರಡು ಚುಕ್ಕಿ, ಎಡ ಮುಂಭಾಗದ ಮೂಲೆಯಲ್ಲಿ ಒತ್ತಿ ಬರೆದರು. “ಐದಕ್ಕೆ ವಕೀಲರು ಬರ್ತಾರೆ. ಕಚ್ಚಾ ಹೊಲಿಗೆ ಹಾಕು. ನಿನ್ನ ವಿಚಾರ ಆಮೇಲೆ ನೋಡ್ಕೊಳ್ತೀನಿ.”

ಚಿಕ್ಕ ಮಾಸ್ಟರ್ ತುಂಡುಗಳನ್ನು ಎತ್ತಿಕೊಂಡು ಮೇಜು ಸುತ್ತಿ ಕಿಟಕಿಯ ಬಳಿಗೆ ಹೋದ. ಯಂತ್ರದ ಮುಂದೆ ಕೂತು, ಗುರುತಿನ ಮೇಲೆ ಹೆಬ್ಬೆರಳಿಟ್ಟು ಒರೆಸಿದ. ಉಣ್ಣೆಗೆ ಕಚ್ಚಿದ ಸುಣ್ಣ ಅಷ್ಟು ಸುಲಭಕ್ಕೆ ಹೋಗಲಿಲ್ಲ. ಬ್ರಷ್ ತೆಗೆದುಕೊಂಡು ಉಜ್ಜತೊಡಗಿದ. ಅತ್ತಿಗೆ ಖಾಲಿ ಲೋಟ ಹಿಡಿದುಕೊಂಡು ಅವನನ್ನೇ ನೋಡುತ್ತಿದ್ದರು. ದೊಡ್ಡ ಮಾಸ್ಟರ್ ಬಲಕ್ಕೆ ತಿರುಗಿ, ಹೊಲಿಗೆ ಸಡಿಲವಾಗಿರಲಿ, ಭುಜದ ಹತ್ತಿರ ಎಳೆಯಬೇಡ ಎಂದು, ಗೋಡೆಯ ಗೂಟಕ್ಕೆ ನೇತುಹಾಕಿದ್ದ ಯಾರದೋ ಕೋಟಿಗೆ ಹೇಳುತ್ತಿದ್ದರು.